ಮಾಡೆಲ್ ತೆರೆದಾಗ ಒಳಗೆ ಓಡುವುದೇನು?

ಡೌನ್‌ಲೋಡ್ ಮುಗಿದಿದೆ. ರೋಬೋ ಉಡುಪಿನ ಒಂದು 3ಡಿ ಪಾತ್ರ, ಕೈಕಾಲು ಆಡಿಸಲು ರಿಗ್ ಕೂಡ ಕೂಡಿಸಿದ್ದಾರೆ. ನೀವು ಫೈಲಿನ ಮೇಲೆ ಎರಡು ಸಲ ಕ್ಲಿಕ್ ಮಾಡುತ್ತೀರಿ. 3ಡಿ ಸಾಫ್ಟ್‌ವೇರ್ ಬ್ಲೆಂಡರ್ ತೆರೆದುಕೊಳ್ಳತೊಡಗುತ್ತದೆ.

ಅದು ತೆರೆದುಕೊಳ್ಳುವ ಆ ಅರೆಕ್ಷಣವನ್ನು ಹಿಗ್ಗಿಸಿ, ಫೈಲಿನ ಒಳಕ್ಕೇ ಇಳಿಯೋಣ ಬನ್ನಿ. ಒತ್ತಿ ಕುಗ್ಗಿಸಿರದ ಫೈಲಾದರೆ ಮೊದಲ ಏಳು ಬೈಟ್‌ಗಳಲ್ಲಿ ಬ್ಲೆಂಡರ್ ಎಂಬ ಹೆಸರೇ ಇಂಗ್ಲಿಷ್ ದೊಡ್ಡಕ್ಷರಗಳಲ್ಲಿ ಕಾಣುತ್ತದೆ. ಮುಂದೆ ಆವೃತ್ತಿ ಸಂಖ್ಯೆ. ಆಮೇಲೆ ಒಂದರ ಹಿಂದೊಂದು ಮಾಹಿತಿಯ ತುಂಡುಗಳು: ಮೆಶ್, ಮೂಳೆಗಳು, ಬಣ್ಣ, ಲೈಟು, ಕ್ಯಾಮೆರಾ. ಇವುಗಳ ನಡುವೆ ಒಂದು ಪಠ್ಯದ ತುಂಡೂ ಇದೆ. ಅದು ಪೈಥಾನ್ ಸ್ಕ್ರಿಪ್ಟ್. ಅದಕ್ಕೆ ‘ರಿಜಿಸ್ಟರ್’ ಎಂಬ ಒಂದು ಟಿಕ್ ಗುರುತು ಅಂಟಿಕೊಂಡಿದೆ. ಆ ಗುರುತಿದ್ದು, ನಿಮ್ಮ ಬ್ಲೆಂಡರ್‌ನಲ್ಲಿ ಅನುಮತಿಯೂ ಇದ್ದರೆ, ಫೈಲ್ ತೆರೆದ ಕೂಡಲೇ ಸ್ಕ್ರಿಪ್ಟ್ ತಾನಾಗಿಯೇ ಓಡುತ್ತದೆ.

ಇದನ್ನು ಯಾರೋ ಮೈಮರೆತು ಬಿಟ್ಟ ಕಂಡಿ ಅಂದುಕೊಳ್ಳಬೇಡಿ. ಬೇಕೆಂದೇ ಇಟ್ಟದ್ದು. ‘ರಿಗಿಫೈ’ ಎಂಬ ಬ್ಲೆಂಡರ್ ಆಡ್‌-ಆನ್ ಬಳಸಿ ಪಾತ್ರಕ್ಕೆ ರಿಗ್ ಕಟ್ಟಿದರೆ ಅದರ ಜೊತೆ ಒಂದು ಸ್ಕ್ರಿಪ್ಟ್ ಹುಟ್ಟುತ್ತದೆ. ಪರದೆಯ ಪಕ್ಕದಲ್ಲಿ ಮೂಡುವ ನಿಯಂತ್ರಣದ ಪ್ಯಾನೆಲ್ ಅದರದೇ ಕೆಲಸ. ಅದಿಲ್ಲದಿದ್ದರೆ ಆನಿಮೇಟರ್ ನೂರಾರು ಮೂಳೆಗಳ ನಡುವೆ ತಡಕಾಡಬೇಕು. ಆದರೆ ಬ್ಲೆಂಡರ್ ಒಳಗಿನ ಪೈಥಾನ್‌ಗೆ ಬೇಲಿಯಿಲ್ಲ. ನಿಮ್ಮ ಲಾಗಿನ್ ಏನೇನು ಮಾಡಬಲ್ಲದೋ ಅಷ್ಟನ್ನೂ ಅದು ಮಾಡಬಲ್ಲದು: ಫೈಲ್ ಓದುತ್ತದೆ, ನೆಟ್‌ಗೆ ಹೋಗುತ್ತದೆ, ಬೇರೆ ಪ್ರೋಗ್ರಾಂ ಎಬ್ಬಿಸುತ್ತದೆ.

ಈಗ ಪರದೆಯ ಮೇಲೆ ಎಚ್ಚರಿಕೆ ಬಂದಿದೆ. ಭದ್ರತೆಯ ಕಾರಣಕ್ಕೆ ಈ ಫೈಲಿನ ಸ್ಕ್ರಿಪ್ಟ್‌ಗಳನ್ನು ತಾನಾಗಿ ಓಡಲು ಬಿಟ್ಟಿಲ್ಲ ಎನ್ನುತ್ತದೆ ಬ್ಲೆಂಡರ್. ಕೆಳಗೆ ಅನುಮತಿ ಕೊಡುವ ಬಟನ್, ಇನ್ನು ಮುಂದೆ ಯಾವಾಗಲೂ ಅನುಮತಿಸು ಎಂಬ ಟಿಕ್ ಬಾಕ್ಸ್. ಬೆಳಿಗ್ಗೆ ಶಾಟ್ ಕೊಡಬೇಕು. ಪ್ಯಾನೆಲ್ ಬಂದಿಲ್ಲ, ರಿಗ್ ಅರ್ಧಂಬರ್ಧ. ನಿಮ್ಮ ಬೆರಳು ಆ ಟಿಕ್ ಬಾಕ್ಸ್ ಕಡೆಗೆ ಹೋಗುತ್ತದೆ. ಒತ್ತಿದಿರಿ.

ಪ್ಯಾನೆಲ್ ಬಂತು. ಭುಜ ಎಳೆದರೆ ತೋಳು ಬರುತ್ತದೆ, ಎಲ್ಲ ಸರಿಯಾಗಿದೆ. ಅದೇ ಹೊತ್ತಿಗೆ, ನಿಮಗೆ ಕಾಣದ ಕಡೆ, ಆ ಸ್ಕ್ರಿಪ್ಟ್ ಕ್ಲೌಡ್‌ಫ್ಲೇರ್ ವರ್ಕರ್ಸ್‌ನ ಒಂದು ವಿಳಾಸವನ್ನು ಸಂಪರ್ಕಿಸಿದೆ. ಅಲ್ಲಿಂದ ಬಂದ ಲೋಡರ್ ಒಂದು ಪವರ್‌ಶೆಲ್ ಸ್ಕ್ರಿಪ್ಟ್ ತರಿಸಿದೆ, ಅದು ಎರಡು ಜಿಪ್ ಫೈಲ್ ಇಳಿಸಿಕೊಂಡಿದೆ. ಟೆಂಪ್ ಫೋಲ್ಡರಿನಲ್ಲಿ ಅವು ಬಿಚ್ಚಿಕೊಂಡಿವೆ. ಕಂಪ್ಯೂಟರ್ ಪ್ರತಿ ಸಲ ಶುರುವಾದಾಗಲೂ ಮತ್ತೆ ಓಡುವಂತೆ ಸ್ಟಾರ್ಟ್‌ಅಪ್ ಫೋಲ್ಡರಿನಲ್ಲಿ ಶಾರ್ಟ್‌ಕಟ್ ಬಿದ್ದಿದೆ. ‘ಸ್ಟೀಲ್‌ಸಿ’ ಎಂಬ ಕಳ್ಳ ಪ್ರೋಗ್ರಾಂ ನಿಮ್ಮ ಬ್ರೌಸರಿನ ಪಾಸ್‌ವರ್ಡ್, ಕುಕಿ, ಕ್ರಿಪ್ಟೋ ವಾಲೆಟ್, ಟೆಲಿಗ್ರಾಂ, ಡಿಸ್ಕಾರ್ಡ್ ಎಲ್ಲವನ್ನೂ ಹುಡುಕಿ ಬಾಚಿಕೊಳ್ಳುತ್ತಿದೆ.

ಈ ದಾರಿ ನನ್ನ ಊಹೆಯದಲ್ಲ. 2025ರ ನವೆಂಬರಿನಲ್ಲಿ ಮಾರ್ಫಿಸೆಕ್ ಎಂಬ ಸೈಬರ್ ಭದ್ರತಾ ಸಂಸ್ಥೆಯ ಸಂಶೋಧಕರು ಬಿಚ್ಚಿಟ್ಟದ್ದು ಇದನ್ನೇ. ವಿಷವಿಕ್ಕಿದ ಫೈಲ್‌ಗಳು ಸಿಜಿಟ್ರೇಡರ್‌ನಂಥ, ಕಲಾವಿದರು ದಿನವೂ ಓಡಾಡುವ ತಾಣಗಳಲ್ಲಿ ಮಾಡೆಲ್‌ಗಳ ನಡುವೆ ಕುಳಿತಿದ್ದವು. ಸ್ಕ್ರಿಪ್ಟಿನ ಹೆಸರು ರಿಗ್ ಯುಐ, ನಿಜವಾದ ರಿಗ್‌ಗಳಲ್ಲಿ ಇರುವಂಥದೇ ಹೆಸರು. ಕಳ್ಳರ ಲೆಕ್ಕಾಚಾರ ಇನ್ನೊಂದಿದೆ. ಬ್ಲೆಂಡರಿಗೆ ಒಳ್ಳೆಯ ಗ್ರಾಫಿಕ್ಸ್ ಕಾರ್ಡ್ ಬೇಕು. ಹಾಗಾಗಿ ಕಲಾವಿದರು ಅದನ್ನು ವರ್ಚುವಲ್ ಮೆಷಿನ್‌ನಲ್ಲಿ ತೆರೆಯುವುದು ಕಡಿಮೆ, ತಮ್ಮ ಮುಖ್ಯ ಕಂಪ್ಯೂಟರಿನಲ್ಲೇ ತೆರೆಯುತ್ತಾರೆ.

ಸ್ಕ್ರಿಪ್ಟೇ ಇಲ್ಲದ ಫೈಲ್ ಆದರೆ? ಅಲ್ಲೂ ದಾರಿ ಇತ್ತು. ಸಿಸ್ಕೋದ ಟಾಲೋಸ್ ಭದ್ರತಾ ತಂಡ ಬ್ಲೆಂಡರ್ 2.78ಸಿ ಆವೃತ್ತಿಯಲ್ಲಿ ಹಲವು ದೋಷಗಳನ್ನು ಹುಡುಕಿತ್ತು. ಅವುಗಳಲ್ಲಿ ಹೆಚ್ಚಿನವು ಗುಣಾಕಾರದ ಎಡವಟ್ಟು. ಆ ಬಗೆಯ ಒಂದು ಲೆಕ್ಕವನ್ನು ಹತ್ತಿರದಿಂದ ನೋಡಿ. ಬ್ಲೆಂಡರ್ ತೆರೆಯಬೇಕಾದ ಒಂದು ಚಿತ್ರ ತನ್ನ ಅಗಲ 32,769 ಪಿಕ್ಸೆಲ್, ಎತ್ತರ 32,768 ಎಂದು ಹೇಳಿಕೊಳ್ಳುತ್ತದೆ. ಪಿಕ್ಸೆಲ್‌ಗೆ 4 ಬೈಟ್. ಗುಣಿಸಿದರೆ 4,29,50,98,368. ಆದರೆ 32 ಬಿಟ್‌ನ ಸಂಖ್ಯೆಯಲ್ಲಿ 4,29,49,67,295ಕ್ಕಿಂತ ದೊಡ್ಡದು ಹಿಡಿಯದು. ಲೆಕ್ಕ ಸುತ್ತಿ ಬಂದು ಸೊನ್ನೆಯಿಂದ ಮತ್ತೆ ಶುರುವಾಗಿ 1,31,072ಕ್ಕೆ ನಿಲ್ಲುತ್ತದೆ. ಪ್ರೋಗ್ರಾಂ ಅಷ್ಟೇ ಜಾಗ ಪಡೆಯುತ್ತದೆ. ಚಿತ್ರದ ಒಂದೇ ಒಂದು ಸಾಲಿಗೂ ಅದರಲ್ಲಿ 4 ಬೈಟ್ ಕಡಿಮೆ! ಮಿಕ್ಕ ಸಾಲುಗಳೆಲ್ಲ ಚೊಂಬಿಗೆ ಹಂಡೆಯ ನೀರು ಸುರಿದ ಹಾಗೆ ಪಕ್ಕದ ಮೆಮೊರಿಯ ಮೇಲೆ ಹರಿಯುತ್ತವೆ. ಎಲ್ಲಿ ಹರಿಯಬೇಕು, ಏನು ಬರೆಯಬೇಕು ಎಂಬುದನ್ನು ದಾಳಿಕೋರ ಹದವಾಗಿ ಹೊಂದಿಸಿದನೆಂದರೆ ಪ್ರೋಗ್ರಾಂ ಅವನ ಮಾತು ಕೇಳುತ್ತದೆ. ಅನುಮತಿ ಕೇಳುವ ಎಚ್ಚರಿಕೆಯೂ ಬರುವುದಿಲ್ಲ.

ಇದನ್ನು ತಿಳಿಸಿದಾಗ ಬ್ಲೆಂಡರ್ ಕಡೆಯಿಂದ ಮೊದಲು ಬಂದ ಉತ್ತರ ಕಲಾವಿದರ ಮೇಲೇ ಹೊರೆ ಹೊರಿಸುವಂಥದು: ಫೈಲ್ ತೆರೆಯುವುದೆಂದರೆ ಪೈಥಾನ್ ಪ್ರೋಗ್ರಾಂ ಓಡಿಸಿದಂತೆಯೇ, ಎಲ್ಲಿಂದ ಬಂತು ಎಂಬ ನಂಬಿಕೆ ನಿಮಗಿರಬೇಕು ಎಂಬ ಧಾಟಿ. ಕೈಬೆರಳೆಣಿಕೆಯ ಡೆವಲಪರ್‌ಗಳ ಕಷ್ಟ ನನಗೆ ಅರ್ಥವಾಗುತ್ತದೆ. ಆದರೂ ಆ ಉತ್ತರ ತಪ್ಪು. 2002ರಲ್ಲಿ ಜನರೇ ಏಳು ವಾರಗಳಲ್ಲಿ 1 ಲಕ್ಷ ಯೂರೋ ಕೂಡಿಸಿ, ಎಲ್ಲರಿಗೂ ಮುಕ್ತವಾಗಿರಲೆಂದು ಬಿಡಿಸಿಕೊಂಡ ಸಾಫ್ಟ್‌ವೇರ್ ಇದು. ಗುರುತಿಲ್ಲದವರ ನಡುವೆ ಫೈಲ್ ಕೈಬದಲಾಗುವುದರ ಮೇಲೆಯೇ ಅದರ ಬದುಕು ನಿಂತಿದೆ. ಗುರುತಿಲ್ಲದವರ ಫೈಲ್ ಮುಟ್ಟಬೇಡಿ ಎಂದರೆ ಬ್ಲೆಂಡರನ್ನೇ ಮುಟ್ಟಬೇಡಿ ಎಂದಂತೆ. 2018ರ ಆರಂಭದಲ್ಲಿ ಡೆವಲಪರ್‌ಗಳು ಆ ದೋಷಗಳ ದುರಸ್ತಿಗೆ ಕೈಹಾಕಿದರು, ಅದು ಅವರ ದೊಡ್ಡತನ.

ಹಾಗಾಗಿ ಬೆರಳನ್ನು ಆ ಟಿಕ್ ಬಾಕ್ಸ್‌ನಿಂದ ಹಿಂದಕ್ಕೆ ತನ್ನಿ. ಅನುಮತಿ ಕೊಡದೆ ಎಚ್ಚರಿಕೆ ಮುಚ್ಚಿ, ಟೆಕ್ಸ್ಟ್ ಎಡಿಟರ್ ತೆರೆದು ಸ್ಕ್ರಿಪ್ಟನ್ನು ಕೊನೆಯ ಸಾಲಿನವರೆಗೂ ಓದಿ. ಮೂಳೆ, ಲೇಯರ್, ಬಟನ್‌ಗಳ ಹೆಸರುಗಳೇ ಬರುತ್ತಿದ್ದರೆ ಅದು ರಿಗ್‌ನ ಮಾತು. ನಡುವೆ ನೆಟ್‌ನಿಂದ ಏನನ್ನೋ ತರಿಸುವ ಸಾಲು, ಬೇರೆ ಪ್ರೋಗ್ರಾಂ ಓಡಿಸುವ ಸಾಲು, ಅರ್ಥವಿಲ್ಲದ ಉದ್ದನೆಯ ಅಕ್ಷರಮಾಲೆ ಕಂಡರೆ ಎಚ್ಚರ; ಪ್ಯಾನೆಲ್ ಬಿಡಿಸಲು ಅವ್ಯಾವುದೂ ಬೇಕಿಲ್ಲ. ಆ ಸಾಲನ್ನು ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಂಡು, ಮಾಡೆಲ್ ಸಿಕ್ಕ ತಾಣಕ್ಕೆ ಈಗಲೇ ದೂರು ಕಳಿಸಿ. ಅದೇ ಫೈಲನ್ನು ಇನ್ನೊಬ್ಬರು ಡೌನ್‌ಲೋಡ್ ಮಾಡುತ್ತಿರಬಹುದು.