ತೊಟ್ಟಿಲು ಮೇಲೆ ನಿಂತಾಗ

ಕಾರ್ತಿಕದ ಕಡೆಯ ಸೋಮವಾರ ಬಂತೆಂದರೆ ಜಯನಗರ, ಬನಶಂಕರಿಗಳ ಸಂಸಾರಗಳು ಸಂಜೆಗೆ ಬಸವನಗುಡಿಯ ಕಡಲೆಕಾಯಿ ಪರಿಷೆಗೆ ಹೊರಡುತ್ತವೆ. 1537ರಲ್ಲಿ ಕೆಂಪೇಗೌಡರು ಕಟ್ಟಿಸಿದರೆಂದು ಹೇಳುವ ಗುಡಿಯದು. ಬೆಳೆ ಮೇಯ್ದ ಬಸವನಿಗೆ ಮೊದಲ ಫಸಲನ್ನು ಒಪ್ಪಿಸುತ್ತಿದ್ದ ಸುಂಕೇನಹಳ್ಳಿ, ಮಾವಳ್ಳಿ, ಗವಿಪುರಗಳ ಹೊಲಗಳೆಲ್ಲ ಬಡಾವಣೆಗಳಾದವು, ಪರಿಷೆ ಉಳಿದಿದೆ.

ಬಸವನಿಗೆ ಕೈಮುಗಿದು, ಸೇರು ಕಾಯಿ ಕೊಂಡ ಮೇಲೆ ಮಕ್ಕಳ ಕಣ್ಣು ತಿರುಗುವ ತೊಟ್ಟಿಲಿನತ್ತ. “ಚಿಕ್ಕಮ್ಮ, ನೀವೂ ಬರಲೇಬೇಕು!”

“ನನಗೆ ತಲೆ ಸುತ್ತುತ್ತದಪ್ಪ” ಎಂದರೆ ಭಾವನವರು ನಗುತ್ತಾರೆ. ಚೀಟಿ ಆಗಲೇ ಕೊಂಡಾಗಿದೆ. ದುಡ್ಡು ದಂಡವಾದೀತೆಂಬ ಮಾತಿನ ಮುಂದೆ ಮಧ್ಯಮ ವರ್ಗದವರ ಯಾವ ಭಯ ತಾನೇ ನಿಂತೀತು!

ತೊಟ್ಟಿಲು ತಿರುಗುವಾಗಿನದಕ್ಕಿಂತ ನಿಂತಾಗಿನ ಭಯವೇ ದೊಡ್ಡದು. ಭಾರ ಒಂದೇ ಕಡೆಗೆ ವಾಲದಂತೆ ಎದುರುಬದುರಿನ ತೊಟ್ಟಿಲುಗಳನ್ನು ತುಂಬಬೇಕು. ಅದಕ್ಕಾಗಿ ಚಕ್ರವು ತಡೆತಡೆದು ಸಾಗುತ್ತದೆ. ಅಷ್ಟು ಹೊತ್ತೂ ತುದಿಯಲ್ಲಿರುವವರು ಗಾಳಿಯಲ್ಲಿ ಓಲಾಡುತ್ತಾರೆ. ಅಲ್ಲಿಂದ ಪರಿಷೆಯ ದೀಪಗಳು ಬಲು ಚೆಂದವಂತೆ. ಕಣ್ಣು ಮುಚ್ಚಿದವರಿಗೆ ಅದೆಲ್ಲಿಯದು? ವೇಗವಾಗಿ ಇಳಿಯುವಾಗ ಕುಳಿತ ಹಲಗೆಯೇ ಜಾರಿದಂತಾಗಿ ಮೈ ಹಗುರಾಗುತ್ತದೆ, ಹೊಟ್ಟೆ ಮೇಲಕ್ಕೇಳುತ್ತದೆ. “ನಿಲ್ಲಿಸಿ!” ಎಂಬ ಕೂಗು ಹುಡುಗರ ಕೇಕೆಯಲ್ಲಿ ಕರಗಿಹೋಗುತ್ತದೆ. ಚಕ್ರ ನಡೆಸುವವನಿಗೆ ಎಲ್ಲ ಕೂಗೂ ಒಂದೇ. ಬೇಡವೆಂಬ ಮಾತಿಗೆ ಬೆಲೆಯಿರುವುದು ನೆಲದ ಮೇಲೆ ಮಾತ್ರ. ಭಾವನವರು ಅಲ್ಲಿಯೇ ಅದನ್ನು ಕೇಳಿಸಿಕೊಳ್ಳಬೇಕಾಗಿತ್ತು.

ಕೆಳಗೆ ಉಳಿದವರಿಗೂ ಕೆಲಸವುಂಟು. ಕೈಚೀಲ, ಕನ್ನಡಕ, ಕಡಲೆಕಾಯಿಯ ಪೊಟ್ಟಣ ಕಾಯಬೇಕು. ಹತ್ತಿದವರು ಇಳಿದು ಬರುವಷ್ಟರಲ್ಲಿ ಪೊಟ್ಟಣ ಅರ್ಧವಾಗಿದ್ದರೆ ಯಾರೂ ಲೆಕ್ಕ ಕೇಳಬಾರದು.