ನಗು ಬಂದದ್ದು ಯಾಕೆ?

ಹೋದ ವರ್ಷದ ಕಾಲೇಜು ನಾಟಕದಲ್ಲಿ ನಂದು ವಾಚ್‌ಮನ್ ಪಾತ್ರ. "ನಿಮ್ಮ ಕಲಬುರಗಿ ಭಾಷೇಲೇ ಹೇಳು ಮಗಾ, ಸಖತ್ತಾಗಿರತ್ತೆ" ಅಂದ್ರು. "ಸಾಹೇಬ್ರ, ಹೊತ್ತಾಗ್ಯದರಿ, ಗೇಟ್ ಹಾಕ್ತೀನಿ" ಅಂದೆ. ಇಡೀ ಸಭಾಂಗಣ ಬಿದ್ದು ಬಿದ್ದು ನಕ್ಕಿತು. ಅದರಲ್ಲಿ ಜೋಕೇ ಇರಲಿಲ್ಲ. ಆದ್ರೂ ನಾನೂ ನಕ್ಕೆ.

ಆಮೇಲೆ ಪೆನ್ಸಿಲ್ ಹಿಡಿದು ಸ್ಕ್ರಿಪ್ಟ್ ಮುಂದೆ ಕೂತೆ. ಯಾರಿಗೆ 'ನೀವು', ಯಾರಿಗೆ 'ನೀನು', ಯಾರ ಮಾತು ಯಾವ ಸೀಮೆಯದು ಅಂತ ಗುರುತು ಹಾಕಿದೆ. ಮಾತಿನೊಳಗೆ ಅಧಿಕಾರ ಎಲ್ಲಿ ಕೂತಿದೆ ಅಂತ ಹೀಗೆ ಹುಡುಕೋದಕ್ಕೆ ಸಂಕಥನ ವಿಶ್ಲೇಷಣೆ ಅಂತಾರೆ. ನಾಯಕ, ಪ್ರಿನ್ಸಿಪಾಲ್ ಇಬ್ಬರದೂ ಬೆಂಗಳೂರು ಕನ್ನಡ. ನಮ್ಮ ಕನ್ನಡ ವಾಚ್‌ಮನ್‌ಗೆ ಮಾತ್ರ.

ಚಂದ್ರಶೇಖರ ಕಂಬಾರರ 'ಜೋಕುಮಾರಸ್ವಾಮಿ'ಯಲ್ಲಿ (1972) ಗೌಡನೂ ಬಸಣ್ಣನೂ ಉತ್ತರ ಕರ್ನಾಟಕದ ಮಾತನ್ನೇ ಆಡ್ತಾರೆ. ಹೊಲದ ಹಕ್ಕಿನ ಜಗಳ ಆ ಭಾಷೆಯಲ್ಲೇ ನಡೆಯುತ್ತೆ.

ಈ ಸಲ ಪ್ರಿನ್ಸಿಪಾಲ್ ಪಾತ್ರ ಕೇಳಿದೀನಿ. ಭಾಷಾ ಮಾತ್ರ ಬದಲ್ ಮಾಡಂಗಿಲ್ರಿ.