ಹಿಂಬದಿಯ ತೋಳುಗಳು

ಬೆನ್ನಿನ ವೈದ್ಯರು ಇರುವುದು ಮಂಗಳೂರಿನಲ್ಲಿ; ನಮ್ಮ ವಾಸ ಬದಿಯಡ್ಕದ ಒಳಗ್ರಾಮವೊಂದರಲ್ಲಿ. ಸೀತಾಂಗೋಳಿ, ಕುಂಬಳೆ, ತಲಪಾಡಿಗಳನ್ನು ದಾಟಿ ಹೋಗಿಬರಲು ನೂರು ಕಿಲೋಮೀಟರಿಗೆ ಮಿಕ್ಕಿದ ದಾರಿ. ಮನೆಯವರಿಗೆ ಬೆನ್ನುಮೂಳೆಯ ಶಸ್ತ್ರಚಿಕಿತ್ಸೆಯಾದ ಬಳಿಕ ತಿಂಗಳಿಗೊಮ್ಮೆ ಈ ಪ್ರಯಾಣ ತಪ್ಪದು. ಹೀಗಾಗಿ ನಮ್ಮ ಹಳೆಯ ಆಲ್ಟೋ ಕಾರಿನ ಹಿಂಬದಿಯ ಆರೋಗ್ಯವು ಸಂಸಾರದ ಆರೋಗ್ಯದೊಡನೆ ಸೇರಿಕೊಂಡಿದೆ. ಸಾಹಿತ್ಯ ಸಮ್ಮೇಳನದ ಸಂಚಿಕೆಯಲ್ಲಿ ಕಾರಿನ ಮಾತೇಕೆಂದು ಓದುಗ ಬಂಧುಗಳು ಹುಬ್ಬೇರಿಸಬಾರದು. ನಮ್ಮ ಸಂಘದ ಎಷ್ಟೋ ಮನೆಗಳ ಅಂಗಳದಲ್ಲಿ ಇಂಥದೇ ಹಳೆಯ ವಾಹನವೊಂದು ನಿಂತಿರುವುದನ್ನು ನಾವು ಬಲ್ಲೆವು.

ಕಳೆದ ಮಳೆಗಾಲ ಮುಗಿಯುವ ಹೊತ್ತಿಗೆ ಹಂಪುಗಳನ್ನು ದಾಟುವಾಗ ಹಿಂದಿನಿಂದ ‘ಟಕ್’ ಎಂಬ ಸದ್ದು ಕೇಳತೊಡಗಿತು. ಬ್ರೇಕ್ ಒತ್ತಿದಾಗ ಹಿಂಭಾಗವು ತುಸು ಓರೆಗೆ ಸರಿದಂತಾಗುತ್ತಿತ್ತು. ಗ್ಯಾರೇಜಿನ ಹೊಂಡದ ಮೇಲೆ ನಿಲ್ಲಿಸಿ ನೋಡಿದಾಗ ಟ್ರೇಲಿಂಗ್ ಆರ್ಮುಗಳ ಬುಶ್ ಹರಿದಿತ್ತು. ತೋಳುಗಳ ಅಂಚು ತುಕ್ಕು ತಿಂದು ಪದರ ಪದರವಾಗಿ ಏಳುತ್ತಿತ್ತು. ನಾಲ್ಕು ತಿಂಗಳ ಜಡಿಮಳೆ, ಹೆದ್ದಾರಿಯುದ್ದಕ್ಕೂ ಕಡಲ ಉಪ್ಪುಗಾಳಿ ಇರುವ ನಮ್ಮ ಸೀಮೆಯಲ್ಲಿ ಇದು ಅಚ್ಚರಿಯೇನಲ್ಲ. ಬುಶ್ ಮಾತ್ರ ಬದಲಿಸಿದರೆ ಸಾಲದು, ತೋಳುಗಳನ್ನೇ ಬದಲಿಸಬೇಕೆಂದು ಮೆಕ್ಯಾನಿಕ್ ತಿಳಿಸಿದರು. ಕಾರಿನ ಕಂಪನಿಯ ಭಾಗ ಕೈಸೇರಲು ಬಹಳ ದಿನ ಕಾಯಬೇಕಿತ್ತು. ಹೊರಗಿನ ತಯಾರಕರದನ್ನು ಆರಿಸುವ ಹೊಣೆ ನಮ್ಮ ಮೇಲೆ ಬಿತ್ತು.

ಈ ತೋಳಿನ ಕೆಲಸವೇನೆಂದು ಮೊದಲು ತಿಳಿಯಬೇಕು. ಆಲ್ಟೋದ ಹಿಂಚಕ್ರಗಳೆರಡೂ ಒಂದೇ ಅಚ್ಚಿಗೆ ಸೇರಿವೆ. ಕಾರಿನ ಒಡಲಿನಿಂದ ಹಿಂದಕ್ಕೆ ಚಾಚಿದ ಎರಡು ತೋಳುಗಳು ಆ ಅಚ್ಚು ಹಿಂದೆ ಮುಂದೆ ಸರಿಯದಂತೆ ಹಿಡಿಯುತ್ತವೆ. ಅಡ್ಡಲಾಗಿ ನಿಂತ ಇನ್ನೊಂದು ರಾಡು ಅದು ಎಡಬಲಕ್ಕೆ ಜಾರದಂತೆ ತಡೆಯುತ್ತದೆ. ಭಾರ ಹೊರುವುದು ಸ್ಪ್ರಿಂಗು, ದಾರಿ ತಪ್ಪದಂತೆ ನೋಡುವುದು ತೋಳು. ತೋಳಿನ ಎರಡೂ ತುದಿಗಳಲ್ಲಿ ಉಕ್ಕಿನ ಕೊಳವೆಯ ಸುತ್ತ ರಬ್ಬರನ್ನು ಬೆಸೆದ ಬುಶ್ ಇರುತ್ತದೆ.

ಬೆಂಗಳೂರಿನಲ್ಲಿ ಉದ್ಯೋಗದಲ್ಲಿರುವ ಸೋದರಳಿಯ ಆಗ ಊರಿಗೆ ಬಂದಿದ್ದ. “ಮಾವ, ಹೇಗೂ ಬದಲಿಸುವುದಲ್ಲವಾ, ಗಟ್ಟಿಯದ್ದನ್ನೇ ಮಾಡಿಸಿ ಹಾಕುವ” ಎಂದು ಫೋನಿನಲ್ಲಿ ಚಿತ್ರಗಳನ್ನು ತೋರಿಸಿದ. ದಪ್ಪ ಪೈಪಿನಿಂದ ಮಾಡಿ ಪಾಲಿಯುರೆಥೇನ್ ಬುಶ್ ಕೂರಿಸಿದ ಕೆಂಪು ತೋಳುಗಳು ಒಂದು ಬಗೆ; ತುದಿಯಲ್ಲಿ ಉಕ್ಕಿನ ಗುಂಡುಕೀಲಿದ್ದು ಉದ್ದವನ್ನು ಹೆಚ್ಚು ಕಡಿಮೆ ಮಾಡಬಹುದಾದವು ಇನ್ನೊಂದು ಬಗೆ. ಅವನ ಮಾತಿನಲ್ಲಿ ಹುರುಳಿತ್ತು. ಪಾಲಿಯುರೆಥೇನ್ ರಬ್ಬರಿಗಿಂತ ಬಿಗಿ. ವೇಗದ ತಿರುವಿನಲ್ಲಿ ಅಚ್ಚನ್ನು ಅಲುಗದಂತೆ ಹಿಡಿಯುತ್ತದೆ, ಎಣ್ಣೆ ತಾಗಿದರೂ ಬೇಗ ಕೆಡದು. ಗುಂಡುಕೀಲಿನಲ್ಲಂತೂ ಸಡಿಲವೆಂಬುದೇ ಇಲ್ಲ.

ಆದರೆ ಗುಂಡುಕೀಲಿನಲ್ಲಿ ಲೋಹಕ್ಕೆ ಲೋಹವೇ ತಾಗುವುದರಿಂದ ರಸ್ತೆಯ ಪ್ರತಿಯೊಂದು ಕಲ್ಲಿನ ಸುದ್ದಿಯೂ ಆಸನಕ್ಕೆ ಬಂದು ಮುಟ್ಟುತ್ತದೆ. ಧೂಳು ನೀರು ಹೊಕ್ಕರೆ ಅದು ಬೇಗ ಸವೆಯುತ್ತದೆ. ಉದ್ದ ಬದಲಿಸುವ ಸೌಕರ್ಯ ಬೇಕಾಗುವುದು ಕಾರನ್ನು ತಗ್ಗಿಸಿದವರಿಗೆ, ಇಲ್ಲವೆ ಹಿಂಚಕ್ರಕ್ಕೆ ಎಂಜಿನಿನ ಬಲ ಹೋಗುವ ವಾಹನದಲ್ಲಿ ಅಚ್ಚಿನ ಕೋನ ಸರಿಪಡಿಸಬೇಕಾದವರಿಗೆ. ಆಲ್ಟೋದಲ್ಲಿ ಬಲ ಹೋಗುವುದು ಮುಂಚಕ್ರಗಳಿಗೆ. ಎತ್ತರವೂ ಕಾರ್ಖಾನೆಯಿಂದ ಬಂದಷ್ಟೇ ಇದೆ. ಪಾಲಿಯುರೆಥೇನ್ ಬುಶ್ಶಿಗೆ ಆಗಾಗ ಗ್ರೀಸ್ ಬೇಕು, ಇಲ್ಲದಿದ್ದರೆ ಕಿರುಗುಟ್ಟುತ್ತದೆ. ಅದಕ್ಕಿಂತ ಮುಖ್ಯವಾದ ಇನ್ನೊಂದು ಸಂಗತಿಯಿದೆ. ಒಂದು ಚಕ್ರ ಹೊಂಡಕ್ಕೆ ಇಳಿದಾಗ ಅಚ್ಚು ಓರೆಯಾಗುತ್ತದೆ, ತೋಳಿಗೆ ತಿರುಚು ಬೀಳುತ್ತದೆ. ರಬ್ಬರು ಅದನ್ನು ತನ್ನೊಳಗೆ ತಾಳಿಕೊಳ್ಳುತ್ತದೆ. ಕೀಲು ಬಾಗದಿದ್ದರೆ ಆ ಒತ್ತಡ ಅಚ್ಚಿನ ಬೆಸುಗೆಗೂ ಒಡಲಿನ ತಗಡಿಗೂ ಹೋಗುತ್ತದೆ. ತುಕ್ಕಿನ ಹಳೆಯ ಕಾರಿನಲ್ಲಿ ಬಿರುಕು ಬಿಡುವುದು ಅಲ್ಲಿಯೇ.

“ಮಾಷ್ಟ್ರೇ, ನಿಮಗೆ ರೇಸಿಗೆ ಹೋಗಲಿಕ್ಕಿಲ್ಲವಲ್ಲ” ಎಂದು ಮೆಕ್ಯಾನಿಕ್ ನಕ್ಕರು. ಬಹುಕಾಲ ವ್ಯಾಕರಣ ಕಲಿಸಿದ ನಮಗೆ ಸಂಧಿಪ್ರಕರಣ ನೆನಪಾಯಿತು. ‘ಊರು’ ಮತ್ತು ‘ಊರು’ ಕೂಡಿ ‘ಊರೂರು’ ಆಗುವಾಗ ನಡುವಿನ ಒಂದು ಉಕಾರ ಲೋಪವಾಗುತ್ತದೆ, ಅರ್ಥಕ್ಕೆ ಊನವಿಲ್ಲ. ಕೂಡುವ ಎಡೆಯಲ್ಲಿ ತುಸು ಬಿಟ್ಟುಕೊಡುವ ಗುಣವಿದ್ದರೆ ಎರಡೂ ಕಡೆ ಉಳಿಯುತ್ತದೆ. ಮನೆಯಲ್ಲೊಂದು, ಪೇಟೆಯಲ್ಲೊಂದು, ಶಾಲೆಯಲ್ಲೊಂದು ನುಡಿಯಾಡಿ ಬಾಳುವ ಕಾಸರಗೋಡಿನವರಿಗೆ ಇದನ್ನು ವಿವರಿಸಬೇಕಿಲ್ಲ.

ರಬ್ಬರ್ ಬುಶ್ಶಿನ ತೋಳೆಂದು ನಿಶ್ಚಯಿಸಿದ ಮೇಲೂ ಆಯ್ಕೆ ಮುಗಿಯಲಿಲ್ಲ. ಅಂಗಡಿಯವರು ಎರಡು ಜೊತೆಗಳನ್ನು ಮೇಜಿನ ಮೇಲಿಟ್ಟು “ಎಲ್ಲ ಒಂದೇ” ಎಂದರು. ಹಳೆಯ ತೋಳನ್ನು ನಾವು ಜೊತೆಗೇ ಒಯ್ದಿದ್ದೆವು. ಅಗ್ಗದ್ದರಲ್ಲಿ ಬೆಸುಗೆ ಅಲ್ಲಲ್ಲಿ ಕಡಿದಿತ್ತು. ಬುಶ್ಶಿನ ಒಳಕೊಳವೆ ಬೆರಳಿಗೆ ತಿರುಗುತ್ತಿತ್ತು, ಅಂದರೆ ರಬ್ಬರು ಲೋಹಕ್ಕೆ ಬೆಸೆದೇ ಇರಲಿಲ್ಲ. ಇನ್ನೊಂದರಲ್ಲಿ ಬೆಸುಗೆ ಅಖಂಡವಾಗಿತ್ತು, ಕಣ್ಣಿನಿಂದ ಕಣ್ಣಿಗೆ ಅಳೆದ ಉದ್ದ ಹಳೆಯದಕ್ಕೆ ಸರಿಹೊಂದಿತು, ಕೈಗೆ ತೂಕವಾಗಿತ್ತು. ಬೆಲೆ ಹೆಚ್ಚಾದರೂ ಅದನ್ನೇ ಜೊತೆಯಾಗಿ ಕೊಂಡೆವು. ಒಂದು ಬದಿ ಹೊಸತು, ಒಂದು ಬದಿ ಹಳತು ಆದರೆ ಕಾರು ಸಮನಾಗಿ ನಡೆಯದು.

ಜೋಡಿಸುವಾಗಲೂ ಒಂದು ಎಚ್ಚರ ಅಗತ್ಯ. ಚಕ್ರಗಳು ಗಾಳಿಯಲ್ಲಿ ನೇತಾಡುತ್ತಿರುವಾಗ ಬೋಲ್ಟನ್ನು ಬಿಗಿದರೆ, ಕಾರನ್ನು ಇಳಿಸಿದೊಡನೆ ರಬ್ಬರು ತಿರುಚಿಕೊಂಡು ಸದಾ ಹಾಗೆಯೇ ಉಳಿದು ಅಕಾಲದಲ್ಲಿ ಹರಿಯುತ್ತದೆ. ನಮ್ಮ ಮೆಕ್ಯಾನಿಕ್ ಮೊದಲು ಸಡಿಲವಾಗಿ ಕೂರಿಸಿ, ಕಾರು ತನ್ನ ಭಾರವನ್ನು ಚಕ್ರಗಳ ಮೇಲೆ ಊರಿದ ಬಳಿಕವೇ ಹೊಂಡಕ್ಕಿಳಿದು ಬಿಗಿದರು. ಕೆಲವು ದಿನ ಓಡಿಸಿದ ಮೇಲೆ ಮತ್ತೊಮ್ಮೆ ಪರೀಕ್ಷಿಸಿದರು. ಸದ್ದು ನಿಂತಿದೆ. “ಈಗ ದಿಂಬು ಬೇಡ” ಎಂದು ಮನೆಯವರು ಹೇಳಿದ ದಿನ ಅಳಿಯನಿಗೂ ಫೋನಿನಲ್ಲಿ ತಿಳಿಸಿದೆವು, ಅವನು ಸಂತೋಷಪಟ್ಟ.

ಸಂಘದ ಬಂಧುಗಳಲ್ಲಿ ನಮ್ಮ ವಿನಂತಿ ಇಷ್ಟೆ. ಮಳೆ ಹಿಡಿಯುವ ಮುನ್ನ ಒಮ್ಮೆ ಕಾರಿನ ಅಡಿಯನ್ನು ನೋಡಿಸಿರಿ. ಹಂಪಿನಲ್ಲಿ ಸದ್ದು, ಬ್ರೇಕಿನಲ್ಲಿ ಓರೆ, ಟಯರಿನ ಒಂದೇ ಅಂಚಿನ ಸವೆತ ಕಂಡರೆ ತಡಮಾಡಬೇಡಿರಿ. ಹೊಸ ಭಾಗ ಕೊಳ್ಳುವಾಗ ಅದು ಎಷ್ಟು ಗಟ್ಟಿ ಎಂದು ಕೇಳುವ ಮೊದಲು, ಯಾವ ರಸ್ತೆಗೆ, ಯಾರನ್ನು ಕುಳ್ಳಿರಿಸಿಕೊಂಡು ಹೋಗಲು ಎಂಬುದನ್ನು ನಿಮ್ಮನ್ನೇ ಕೇಳಿಕೊಳ್ಳಿರಿ.